ನಿಲ್ಲಿಸದೆ ನುಡಿಸೋಕೆ ಯಾವ ಎಲೆಕ್ಟ್ರಾನಿಕ್ ವಾದ್ಯದ ಡಬ್ಬಿ ತಗೋಬೇಕು? ಕಲಬುರಗಿಯಲ್ಲಿ ಕೂತು ಎರಡು ವರ್ಷ ಬಳಸಿ ನೋಡಿದ್ದು

ಅಕ್ಕನ ಮಗ ಸೇಡಂನಿಂದ ಫೋನ್ ಮಾಡಿದ್ದ. "ಮಾಮಾ, ಎಲೆಕ್ಟ್ರಾನಿಕ್ ಮ್ಯೂಸಿಕ್ ಕಲೀಬೇಕಂತ ಮಾಡೀನಿ. ಹತ್ತು ಸಾವಿರ ಕೂಡಿಸೀನಿ. ಏನ್ ತಗೊಳ್ಲಿ ಹೇಳು" ಅಂದ. ಅರ್ಧ ಗಂಟೆ ಮಾತಾಡಿದೆ, ಮುಗಿಯಲಿಲ್ಲ. ಇದೇ ಪ್ರಶ್ನೆಯನ್ನು ನಾನೂ ಎರಡು ವರ್ಷದ ಹಿಂದೆ ಎಲ್ಲರಿಗೂ ಕೇಳಿದ್ದೆ. ಆಗ ಸಿಕ್ಕ ಉತ್ತರಗಳೆಲ್ಲ ದೊಡ್ಡ ಸ್ಟುಡಿಯೋ ಇರುವವರ ಉತ್ತರಗಳು. ಅದಕ್ಕೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಾನು ಹೇಳುತ್ತಿರುವುದು ಹಾಡು ರೆಕಾರ್ಡ್ ಮಾಡಿ ತಿಂಗಳುಗಟ್ಟಲೆ ತಿದ್ದುವ ಕೆಲಸದ ಬಗ್ಗೆ ಅಲ್ಲ. ಕೂತಲ್ಲೇ ಕಟ್ಟುವ ಸಂಗೀತದ ಬಗ್ಗೆ. ಮುಂಚೆ ಏನೂ ಬರೆದಿಟ್ಟಿರುವುದಿಲ್ಲ, ಒಂದು ಠೇಕಾ (ತಾಳದ ಬಡಿತ) ಹಾಕಿಕೊಳ್ಳುತ್ತೀರಿ, ಅದು ಸುತ್ತುತ್ತಿರುವಾಗಲೇ ಮೇಲೊಂದು ಸ್ವರ, ಆಮೇಲೆ ಇನ್ನೊಂದು, ಬೇಡ ಅನಿಸಿದರೆ ತೆಗೆಯುತ್ತೀರಿ, ಸದ್ದನ್ನು ತಿರುಚುತ್ತೀರಿ, ಎಲ್ಲವೂ ಆಗಿಂದಾಗಲೇ ನಡೆಯಬೇಕು, ಎಲ್ಲೂ ನಿಲ್ಲಬಾರದು. ಈ ಕೆಲಸಕ್ಕೆ ಬೇಕಾದ ಸಾಮಾನು ಬೇರೆ, ಹಾಡು ರೆಕಾರ್ಡ್ ಮಾಡುವ ಸಾಮಾನು ಬೇರೆ. ಅಂಗಡಿಯವರು ಇದನ್ನು ಬಿಡಿಸಿ ಹೇಳುವುದಿಲ್ಲ.

ನನಗೆ ಇದು ತಿಳಿದದ್ದು ಭಜನೆಯಲ್ಲಿ. ನಮ್ಮ ಓಣಿಯಲ್ಲಿ ಸೋಮವಾರ ರಾತ್ರಿ ಭಜನೆ ಇರುತ್ತದೆ. ಕಾಕಾ ತಬಲಾ ಬಾರಿಸುತ್ತಾರೆ. ಪೇಟಿ (ಹಾರ್ಮೋನಿಯಂ), ಏಕತಾರಿ, ದಮ್ಮಡಿ, ತಾಳ, ಹಾಡುವವರು ಏಳೆಂಟು ಜನ. ಹೆಚ್ಚಾಗಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳು. ಒಂದು ಪದ ಶುರುವಾದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಾಡುವವರು ಒಂದು ಸಾಲನ್ನು ನಾಲ್ಕು ಸಲ ಹೇಳಬಹುದು, ಹದಿನಾಲ್ಕು ಸಲವೂ ಹೇಳಬಹುದು. ಲಯ ಏರುತ್ತಾ ಹೋಗುತ್ತದೆ. ತಬಲಾದವರು ಅವರ ಮುಖ ನೋಡಿಕೊಂಡೇ ಹಿಂದೆ ಹೋಗುತ್ತಾರೆ. ನಾನು ಅಲ್ಲಿಗೆ ಲ್ಯಾಪ್‌ಟಾಪ್, ಸಣ್ಣ ಕೀಬೋರ್ಡ್, ಸ್ಪೀಕರ್ ಎಲ್ಲಾ ಹೊತ್ತುಕೊಂಡು ಹೋಗಿದ್ದೆ. ಮೊದಲ ಪದಕ್ಕೆ ಕೆಳಗೆ ಒಂದು ತಂಬೂರಿ ಥರದ ಸದ್ದು ಹಿಡಿದೆ, ಎಲ್ಲರಿಗೂ ಹಿಡಿಸಿತು. ಎರಡನೇ ಪದಕ್ಕೆ ಸದ್ದು ಬದಲಿಸೋಣ ಅಂತ ಮೌಸ್ ಹಿಡಿದೆ. ಪಟ್ಟಿ ಬಿಚ್ಚಿತು, ಅದರೊಳಗೆ ಇನ್ನೊಂದು ಪಟ್ಟಿ. ನಾನು ಹುಡುಕುವಷ್ಟರಲ್ಲಿ ಪದ ಮುಗಿದೇ ಹೋಯಿತು. ಕಾಕಾ ಬೆವರು ಒರೆಸಿಕೊಳ್ಳುತ್ತಾ ಮೆಲ್ಲಗೆ ಹೇಳಿದರು: "ತಮ್ಮಾ, ನೀ ಹುಡುಕಲಾಕತ್ತಿದ್ದಿ, ನಾವು ಹಾಡಲಾಕತ್ತಿದ್ವಿ. ಎರಡೂ ಕೂಡಲ್ಲಪ್ಪ."

ಆವತ್ತಿನಿಂದ ಯಾವ ಸಾಮಾನು ನೋಡಿದರೂ ನಾನು ಕೇಳುವುದು ಇದೊಂದೇ: ಇದನ್ನು ನಿಲ್ಲಿಸದೆ ಬದಲಾಯಿಸಬಹುದಾ? ಎಷ್ಟು ಸದ್ದು ಇವೆ, ಎಷ್ಟು ಮೆಮೊರಿ ಇದೆ ಅನ್ನುವುದೆಲ್ಲ ಆಮೇಲೆ.

ಮೊದಲಿಗೆ ಫೋನ್. ಇದನ್ನು ಯಾರೂ ಕೀಳಾಗಿ ನೋಡಬೇಡಿ. ಕೋಆಲಾ ಸ್ಯಾಂಪ್ಲರ್ (ಸ್ಯಾಂಪ್ಲರ್ ಅಂದರೆ ಸದ್ದು ಹಿಡಿದಿಟ್ಟು ನುಡಿಸುವ ಸಾಮಾನು) ಅಂತ ಒಂದು ಆ್ಯಪ್ ಇದೆ, ಆಂಡ್ರಾಯ್ಡ್‌ಗೂ ಸಿಗುತ್ತದೆ, ಐಫೋನ್‌ಗೂ ಸಿಗುತ್ತದೆ. ಒಂದು ಸಲ ದುಡ್ಡು ಕೊಟ್ಟರಾಯಿತು, ತಿಂಗಳ ಬಾಡಿಗೆ ಇಲ್ಲ. ಪರದೆ ಮೇಲೆ ಪ್ಯಾಡ್‌ಗಳಿರುತ್ತವೆ. ಒಂದು ಪ್ಯಾಡ್ ಒತ್ತಿ ಹಿಡಿದು ಮೈಕಿಗೆ ಏನಾದರೂ ಕೇಳಿಸಿ, ಬಿಡಿ. ಆ ಸದ್ದು ಈಗ ಆ ಪ್ಯಾಡಿನಲ್ಲಿದೆ. ಅಷ್ಟೇ ಕೆಲಸ.

ನಾನು ಮೊದಲು ಹಿಡಿದದ್ದು ಅವ್ವ ರೊಟ್ಟಿ ಬಡಿಯುವ ಸದ್ದು. ಬೆಳಿಗ್ಗೆ ಏಳಕ್ಕೆ ಅಡುಗೆಮನೆ ಬಾಗಿಲಲ್ಲಿ ಕೂತು ಫೋನ್ ಹಿಡಿದೆ. ಜೋಳದ ರೊಟ್ಟಿ ಬಡಿಯುವಾಗ ಒಂದೇ ಸದ್ದು ಬರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಹಿಟ್ಟು ಇನ್ನೂ ದಪ್ಪ ಇರುವಾಗ ಸದ್ದು ಮೆತ್ತಗೆ, ಒಳಗಿನಿಂದ ಬಂದ ಹಾಗೆ ಇರುತ್ತದೆ. ರೊಟ್ಟಿ ತೆಳ್ಳಗಾಗುತ್ತಾ ಬಂದ ಹಾಗೆ ಅಂಗೈ ಕಲ್ಲಿಗೆ ಹತ್ತಿರವಾಗುತ್ತದೆ, ಸದ್ದು ಚಪ್ ಚಪ್ ಅಂತ ಮೇಲಕ್ಕೆ ಏರುತ್ತದೆ. ನಡುನಡುವೆ ಬಳೆ. ಕೊನೆಗೆ ರೊಟ್ಟಿಯನ್ನು ಎತ್ತಿ ಹಂಚಿನ ಮೇಲೆ ಹಾಕುವಾಗ ಒಂದು ಸಣ್ಣ ಸುಯ್. ದಪ್ಪ ಸದ್ದನ್ನು ಎರಡು ಪಟ್ಟು ಕೆಳಕ್ಕೆ ಇಳಿಸಿದೆ, ತಬಲಾದ ಜೋಡಿ ಡಗ್ಗಾದಂತೆ ಕೇಳಿಸಿತು. ತೆಳು ಸದ್ದು ತಬಲಾದ ಜಾಗಕ್ಕೆ ಬಂತು. ಬಳೆ ತಾಳವಾಯಿತು. ಹತ್ತು ನಿಮಿಷದಲ್ಲಿ ಎಂಟು ಮಾತ್ರೆಯ ಕೆಹರವಾ ತಾಳ ಸುತ್ತತೊಡಗಿತು. ಅವ್ವ ಕೈ ಹಿಟ್ಟಲ್ಲೇ ಬಂದು ಇಯರ್‌ಫೋನ್ ಹಾಕಿಸಿಕೊಂಡು ಕೇಳಿದಳು. "ಇದು ನಂದೇ ಕೈ ಅದ" ಅಂದಳು. ಅಂಗಡಿಯಲ್ಲಿ ಎಷ್ಟು ದುಡ್ಡು ಸುರಿದರೂ ಈ ಸದ್ದು ಸಿಗುವುದಿಲ್ಲ ಅಲ್ವಾ?

ಫೋನಿನಲ್ಲಿ ಒಂದು ದೊಡ್ಡ ತಪ್ಪನ್ನು ಎಲ್ಲರೂ ಮಾಡುತ್ತಾರೆ, ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ನುಡಿಸುತ್ತಾರೆ. ದಯವಿಟ್ಟು ಬೇಡ. ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ಬರುವುದಕ್ಕೆ ಸಾಮಾನ್ಯವಾಗಿ 100ರಿಂದ 250 ಮಿಲಿಸೆಕೆಂಡ್ ತಡವಾಗುತ್ತದೆ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 120 ಬೀಟ್ ಲಯದಲ್ಲಿ ಒಂದು ಬೀಟ್‌ಗೆ ಅರ್ಧ ಸೆಕೆಂಡ್. ಅದನ್ನು ನಾಲ್ಕು ಭಾಗ ಮಾಡಿದರೆ ಒಂದೊಂದಕ್ಕೆ (ಇದಕ್ಕೆ ಸ್ಟೆಪ್ ಅನ್ನುತ್ತಾರೆ) 125 ಮಿಲಿಸೆಕೆಂಡ್. ಅಂದರೆ ನೀವು ಪ್ಯಾಡ್ ಒತ್ತಿದ ಮೇಲೆ ಒಂದು ಇಡೀ ಸ್ಟೆಪ್ ಕಳೆದು ಸದ್ದು ಬರುತ್ತದೆ. ಎಷ್ಟೋ ಹುಡುಗರು ತಮಗೆ ಲಯವೇ ಬರುವುದಿಲ್ಲ ಅಂತ ಬೇಜಾರಾಗಿ ಬಿಟ್ಟುಬಿಡುತ್ತಾರೆ, ತಪ್ಪು ಅವರ ಕೈಯದ್ದಲ್ಲ, ಇಯರ್‌ಬಡ್‌ನದ್ದು. ವೈರ್ ಇರುವ ಇಯರ್‌ಫೋನ್ ತಗೊಳ್ಳಿ. ಫೋನಿನಲ್ಲಿ ಇಯರ್‌ಫೋನ್ ತೂತು ಇಲ್ಲದಿದ್ದರೆ ಟೈಪ್-ಸಿ ಕನೆಕ್ಟರ್ ನಮ್ಮ ಊರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಯಾವ ಮೊಬೈಲ್ ಅಂಗಡಿಯಲ್ಲಾದರೂ ಸಿಗುತ್ತದೆ.

ಫೋನಿನ ತೊಂದರೆ ಅಂದರೆ ಅದು ಗಾಜು. ಕಣ್ಣು ಪರದೆಯಿಂದ ತೆಗೆಯಲು ಆಗುವುದಿಲ್ಲ. ಕಾಕಾರ ಮುಖ ನೋಡಬೇಕಾದ ಹೊತ್ತಿಗೆ ನಾನು ಪ್ಯಾಡ್ ನೋಡುತ್ತಿರುತ್ತೇನೆ. ಮೇಲಿಂದ ಯಾರದ್ದಾದರೂ ಫೋನ್ ಬಂದರೆ ಮುಗಿಯಿತು, ಹಾಗಾಗಿ ಏರೋಪ್ಲೇನ್ ಮೋಡ್‌ಗೆ ಹಾಕಿಯೇ ಕೂರಬೇಕು.

ಲ್ಯಾಪ್‌ಟಾಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇರುವವರು ಬಿಡಬೇಡಿ, ಇಲ್ಲದವರು ಇದಕ್ಕೋಸ್ಕರ ಕೊಳ್ಳಬೇಡಿ. ವಿಸಿವಿ ರ‍್ಯಾಕ್ ಅಂತ ಒಂದು ಸಾಫ್ಟ್‌ವೇರ್ ಇದೆ, ದುಡ್ಡಿಲ್ಲದೆ ಸಿಗುತ್ತದೆ, ಸಿಂಥಸೈಜರ್ (ಕರೆಂಟ್‌ನಿಂದ ಸದ್ದು ಹುಟ್ಟಿಸುವ ವಾದ್ಯ) ಒಳಗೆ ಏನು ನಡೆಯುತ್ತದೆ ಅಂತ ವೈರ್ ಎಳೆದು ಎಳೆದು ಕಲಿಯಲು ಅದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ಅಕಾಯ್ ಎಂಪಿಕೆ ಮಿನಿ ಥರದ ಸಣ್ಣ ಕೀಬೋರ್ಡ್‌ಗೆ 25 ಕೀ, 8 ಪ್ಯಾಡ್, 8 ನಾಬ್ (ತಿರುಗಿಸುವ ಗುಂಡಿ) ಇರುತ್ತವೆ, ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುತ್ತದೆ, ಕಟ್ಟುಮಸ್ತಾಗಿದೆ. ಆದರೆ ಅದಕ್ಕೆ ಸ್ವಂತ ದನಿ ಇಲ್ಲ. ಸದ್ದೆಲ್ಲಾ ಕಂಪ್ಯೂಟರಿನದ್ದು. ಇದು ಗೊತ್ತಿಲ್ಲದೆ ಕೊಂಡು, ಮನೆಗೆ ತಂದು, ಸ್ಪೀಕರ್‌ಗೆ ಎಲ್ಲಿ ಚುಚ್ಚುವುದು ಅಂತ ಹುಡುಕಿದ ಇಬ್ಬರು ನನಗೇ ಗೊತ್ತು. ವಿಂಡೋಸ್ ಇದ್ದರೆ ಸದ್ದಿನ ತಡ ಕಡಿಮೆ ಮಾಡುವ ಏಸಿಯೋ ಡ್ರೈವರ್ ಹಾಕಿಕೊಳ್ಳಿ, ಏಸಿಯೋ4ಆಲ್ ಸುಮ್ನೆ ಸಿಗುತ್ತದೆ. ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) 512 ಇಟ್ಟರೆ ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಸುಮಾರು 11.6 ಮಿಲಿಸೆಕೆಂಡ್ ತಡ, 256 ಇಟ್ಟರೆ 5.8. ಬರ್ ಬರ್ ಅಂತ ಸದ್ದು ಒಡೆಯದಿರುವಷ್ಟು ಕೆಳಗೆ ಇಳಿಸಿ. ನನ್ನ ಹಳೆಯ ಲ್ಯಾಪ್‌ಟಾಪ್ 256ಕ್ಕೆ ತಡೆಯುತ್ತದೆ, ಅದಕ್ಕಿಂತ ಕೆಳಗೆ ಇಲ್ಲ.

ಈಗ ನನಗೆ ತುಂಬಾ ಇಷ್ಟವಾದ ಡಬ್ಬಿಗೆ ಬರುತ್ತೇನೆ. ಕೊರ್ಗ್ ಕಂಪನಿಯ ವೋಲ್ಕಾ ಕೀಸ್. ಜಪಾನಿನ ಕಂಪನಿ, 2013ರಲ್ಲಿ ವೋಲ್ಕಾ ಅಂತ ಮೂರು ಸಣ್ಣ ಡಬ್ಬಿ ಬಿಟ್ಟಿತು: ಬೀಟ್ಸ್, ಬಾಸ್, ಕೀಸ್. ಆಮೇಲೆ ಈ ಕುಟುಂಬ ಬೆಳೆಯುತ್ತಾ ಹೋಗಿದೆ. ಒಂದು ದಪ್ಪ ನೋಟ್‌ಬುಕ್ಕಿನಷ್ಟು ದೊಡ್ಡದು. ಆರು ಸೆಲ್ ಹಾಕಿದರೆ ನಡೆಯುತ್ತದೆ, ಹಿಂದೆ ಸಣ್ಣ ಸ್ಪೀಕರ್ ಇದೆ. ನಾನು ಬಳಸಿದ ಮಾಲನ್ನು ಹೈದರಾಬಾದಿನ ಒಬ್ಬರಿಂದ ಒಂಬತ್ತು ಸಾವಿರಕ್ಕೆ ಕೊಂಡೆ. ಹೋಗಿ, ಕೈಯಲ್ಲಿ ಹಿಡಿದು, ಎಲ್ಲಾ ನಾಬ್ ತಿರುಗಿಸಿ ನೋಡಿಯೇ ದುಡ್ಡು ಕೊಟ್ಟೆ. ನೀವೂ ಹಾಗೇ ಮಾಡಿ. ನಮ್ಮ ಊರಿನ ಅಂಗಡಿಗಳಲ್ಲಿ ಪೇಟಿ, ತಬಲಾ, ಗಿಟಾರ್, ಕೀಬೋರ್ಡ್ ಚೆನ್ನಾಗಿಯೇ ಸಿಗುತ್ತವೆ, ಈ ಥರದ ಡಬ್ಬಿ ನಾನು ಕೇಳಿದ ಕಡೆ ಎಲ್ಲೂ ಇರಲಿಲ್ಲ.

ಇದರಲ್ಲಿ ಪರದೆ ಮೇಲೆ ಬಿಚ್ಚುವ ಪಟ್ಟಿ ಅನ್ನುವುದೇ ಇಲ್ಲ. ಸದ್ದಿನ ಒಂದೊಂದು ಗುಣಕ್ಕೂ ಒಂದೊಂದು ನಾಬ್ ಎದುರಿಗೇ ಇದೆ. ಕಟ್‌ಆಫ್ ತಿರುಗಿಸಿದರೆ ಸದ್ದು ಕಂಬಳಿ ಹೊದ್ದುಕೊಂಡ ಹಾಗೆ ಮಂಕಾಗುತ್ತದೆ, ವಾಪಸ್ ತಿರುಗಿಸಿದರೆ ಬೆಳಕಿಗೆ ಬರುತ್ತದೆ. ಪೋರ್ಟಮೆಂಟೊ ಏರಿಸಿದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ. ಅದು ಪೂರ್ತಿ ಮೀಂಡ್ ಅಲ್ಲ, ಮೀಂಡ್ ಎಲ್ಲಿ ನಿಧಾನ ಎಲ್ಲಿ ಬೇಗ ಅನ್ನುವುದು ಹಾಡುವವರ ಕೈಲಿರುತ್ತದೆ, ಇಲ್ಲಿ ಜಾರುವುದು ಒಂದೇ ಸಮ. ಆದರೂ ಪೇಟಿಗಿಂತ ಒಂದು ಹೆಜ್ಜೆ ಮುಂದೆ. ಸೀಕ್ವೆನ್ಸರ್ (ನುಡಿಸಿದ್ದನ್ನು ನೆನಪಿಟ್ಟು ಸುತ್ತಿಸುವ ಭಾಗ) 16 ಸ್ಟೆಪ್‌ನದ್ದು. ಇದರಲ್ಲಿ ಫ್ಲಕ್ಸ್ ಅಂತ ಒಂದು ಸೌಲಭ್ಯ ಇದೆ, ನನಗೆ ಇದೇ ಪ್ರಾಣ. ಸಾಮಾನ್ಯವಾಗಿ ನೀವು ನುಡಿಸಿದ್ದನ್ನು ಯಂತ್ರ ಎಳೆದುಕೊಂಡು ಹೋಗಿ ಹತ್ತಿರದ ಸ್ಟೆಪ್‌ಗೆ ಕೂರಿಸುತ್ತದೆ. ಫ್ಲಕ್ಸ್ ಹಾಕಿದರೆ ನೀವು ಎಲ್ಲಿ ಒತ್ತಿದಿರೋ ಅಲ್ಲೇ ಬಿಡುತ್ತದೆ. ನಮ್ಮ ಪದ ಹಾಡುವವರು ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬಿದ್ದು ಹಾಡುತ್ತಾರಲ್ಲ, ಆ ಎಳೆತ ಉಳಿಯುತ್ತದೆ.

ಇನ್ನೊಂದು, ಲಯದ ನಾಬ್. ಅದೂ ಎದುರಿಗೇ ಇದೆ. ಭಜನೆಯಲ್ಲಿ ಲಯ ಏರುವಾಗ ಯಂತ್ರ ನಿಂತ ಲಯದಲ್ಲೇ ನಿಂತರೆ ಎಲ್ಲಾ ಕೆಟ್ಟಿತು. ಇಲ್ಲಿ ಎಡಗೈಯಿಂದ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಕಾಕಾರ ಹಿಂದೆ ಹೋಗಬಹುದು, ಅಂಕಿ ನೋಡಬೇಕಿಲ್ಲ, ಕಿವಿಯಿಂದಲೇ ಸಾಕು.

ಕಳೆದ ಏಪ್ರಿಲ್‌ನಲ್ಲಿ ಒಂದು ರಾತ್ರಿ ಇದು ನಿಜವಾಗಿ ಪರೀಕ್ಷೆಗೆ ಬಂತು. ಬಿಸಿಲೆಂದರೆ ಬಿಸಿಲು, ಊಟ ಆದ ಮೇಲೂ ಗೋಡೆ ಸುಡುತ್ತಿತ್ತು. ಭಜನೆ ಮಧ್ಯೆ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಮೈಕ್ ನಿಂತಿತು. ಎಲ್ಲರೂ ಮಾಳಿಗೆ ಮೇಲೆ ಹೋದೆವು. ಒಂದು ಫೋನಿನ ಟಾರ್ಚ್ ಬೆಳಕು. ವೋಲ್ಕಾ ಮಾತ್ರ ಸೆಲ್ ಮೇಲೆ ನಡೆಯುತ್ತಿತ್ತು. ಸ್ಪೀಕರ್ ಸಣ್ಣದಾದ್ದರಿಂದ ಒಂದು ಸ್ಟೀಲ್ ಪರಾತದೊಳಗೆ ಅದನ್ನು ಇಟ್ಟೆ, ಸದ್ದು ಸ್ವಲ್ಪ ಹರಡಿತು. ಕೆಳಗೆ ಸಾ ಮತ್ತು ಪ ಎರಡನ್ನೇ ಹಿಡಿದು ಬಿಟ್ಟೆ. ಕಾಕಾ ಠೇಕಾ ಹಿಡಿದರು. ಪದ ಏರಿದ ಹಾಗೆ ನಾನು ಕಟ್‌ಆಫ್ ತೆರೆಯುತ್ತಾ ಹೋದೆ, ಲಯದ ನಾಬ್ ತಿರುಗಿಸುತ್ತಾ ಹೋದೆ. ಸುಮಾರು ಇಪ್ಪತ್ತು ನಿಮಿಷ ಎಲ್ಲೂ ನಿಲ್ಲಲಿಲ್ಲ. ಕಣ್ಣು ಒಂದು ಸಲವೂ ಡಬ್ಬಿಗೆ ಹೋಗಲಿಲ್ಲ, ಬೆರಳಿಗೆ ಜಾಗ ಗೊತ್ತಿತ್ತು. ಮುಗಿದ ಮೇಲೆ ಕಾಕಾ ಏನೂ ಹೇಳಲಿಲ್ಲ. ಡಬ್ಬಿಯನ್ನು ಕೈಗೆ ತಗೊಂಡು, ತಿರುಗಿಸಿ ನೋಡಿ, "ಇದರೊಳಗ ಎಷ್ಟ್ ಸೆಲ್ ಹಿಡಿತಾವ?" ಅಂತ ಕೇಳಿದರು. ನನಗೆ ಅಷ್ಟೇ ಸಾಕಿತ್ತು.

ಬಿಸಿಲಿನ ಮಾತು ಬಂತಲ್ಲ, ಇದನ್ನೂ ಹೇಳಬೇಕು. ವೋಲ್ಕಾ ಕೀಸ್ ಒಳಗಿರುವುದು ಅನಲಾಗ್ ಸರ್ಕ್ಯೂಟ್. ಅನಲಾಗ್ ಆಸಿಲೇಟರ್‌ಗೆ (ಸ್ವರ ಹುಟ್ಟಿಸುವ ಭಾಗಕ್ಕೆ) ಬಿಸಿ ತಾಗಿದರೆ ಸುರ್ ಜಾರುತ್ತದೆ, ಹಳೆಯ ಸಿಂಥ್‌ಗಳ ದೊಡ್ಡ ತಲೆನೋವೇ ಇದು. ಇದರಲ್ಲಿ ತಾನೇ ಸುರ್ ಸರಿ ಮಾಡಿಕೊಳ್ಳುವ ವ್ಯವಸ್ಥೆ ಇಟ್ಟಿದ್ದಾರೆ. 42 ಡಿಗ್ರಿ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಆದರೆ ಕೀಗಳು ಒತ್ತುವ ಕೀ ಅಲ್ಲ, ಮುಟ್ಟುವ ಪಟ್ಟಿ. ಬೆವರು ಕೈಯಲ್ಲಿ ಬೆರಳು ಜಾರುತ್ತದೆ, ಪಕ್ಕದಲ್ಲಿ ಒಂದು ಒಣ ಬಟ್ಟೆ ಇರಲಿ. ಒಮ್ಮೆಗೆ ಮೂರೇ ಸ್ವರ ನುಡಿಯುತ್ತದೆ ಅನ್ನುವುದೂ ನೆನಪಿರಲಿ. ನಮ್ಮ ಸಂಗೀತಕ್ಕೆ ಮೂರು ಧಾರಾಳ ಆಯಿತು.

ಅಡಾಪ್ಟರ್ ವಿಷಯ ಗಟ್ಟಿಯಾಗಿ ಕೇಳಿಸಿಕೊಳ್ಳಿ. ಡಬ್ಬಿಯ ಜೊತೆ ಅಡಾಪ್ಟರ್ ಬರುವುದಿಲ್ಲ. 9 ವೋಲ್ಟ್‌ನದ್ದು ಬೇಕು. ನಾನು ಒಂದು ಅಂಗಡಿಗೆ ಹೋಗಿ ಕೇಳಿದೆ, ಅವರು ಗಿಟಾರ್ ಪೆಡಲ್‌ನ ಅಡಾಪ್ಟರ್ ಕೊಟ್ಟು "9 ವೋಲ್ಟ್ ಅಂದ್ರ 9 ವೋಲ್ಟ್ ರೀ, ಎಲ್ಲಾ ಒಂದೇ" ಅಂದರು. ಅದೃಷ್ಟಕ್ಕೆ ಸ್ವಿಚ್ ಹಾಕುವ ಮುಂಚೆ ಮೇಲಿನ ಚಿತ್ರ ನೋಡಿದೆ. ಗಿಟಾರ್ ಪೆಡಲ್‌ನ ಅಡಾಪ್ಟರ್‌ನಲ್ಲಿ ಸಾಮಾನ್ಯವಾಗಿ ನಡುವಿನ ಪಿನ್ ಮೈನಸ್. ವೋಲ್ಕಾಗೆ ನಡುವಿನ ಪಿನ್ ಪ್ಲಸ್ ಇರಬೇಕು. ಉಲ್ಟಾ ಕೊಟ್ಟರೆ ಒಂಬತ್ತು ಸಾವಿರದ ಡಬ್ಬಿ ಕೆಡಬಹುದು. ಅಡಾಪ್ಟರ್ ಮೇಲೆ ಒಂದು ಸಣ್ಣ ಚಿತ್ರ ಇರುತ್ತದೆ, ನಡುವಿನ ಚುಕ್ಕೆಯಿಂದ ಹೊರಟ ಗೆರೆ ಪ್ಲಸ್‌ಗೆ ಹೋಗಿದೆಯಾ ಅಂತ ಕಣ್ಣಿಟ್ಟು ನೋಡಿ. ಅಂಗಡಿಯವರು ಹೇಳಿದ್ದನ್ನು ನಂಬಬೇಡಿ, ಚಿತ್ರ ನಂಬಿ. ನಾನೀಗ ಚಾರ್ಜ್ ಆಗುವ ಸೆಲ್‌ಗಳನ್ನೇ ಬಳಸುತ್ತೇನೆ, ಎರಡು ಸೆಟ್ ಇಟ್ಟುಕೊಂಡಿದ್ದೇನೆ.

ಇದೇ ಕುಟುಂಬದ ವೋಲ್ಕಾ ಬೀಟ್ಸ್ ಠೇಕಾದ ಡಬ್ಬಿ. ಗೆಳೆಯನದ್ದನ್ನು ಒಂದು ತಿಂಗಳು ಇಟ್ಟುಕೊಂಡಿದ್ದೆ. ಅದರಲ್ಲಿ ಬೇಡದ ಸ್ಟೆಪ್‌ಗಳನ್ನು ಆರಿಸಬಹುದು, ನುಡಿಯುತ್ತಿರುವಾಗಲೇ. 16ರಲ್ಲಿ ಎರಡು ಆರಿಸಿ 14 ಮಾಡಿದರೆ ರೂಪಕ ಕೂತುಕೊಳ್ಳುತ್ತದೆ, ಏಳು ಮಾತ್ರೆಗೆ ಎರಡೆರಡು ಸ್ಟೆಪ್. ನಾಲ್ಕು ಆರಿಸಿ 12 ಮಾಡಿದರೆ ಆರು ಮಾತ್ರೆಯ ದಾದರಾ. ಪಶ್ಚಿಮದವರು ಇದನ್ನು ವಿಚಿತ್ರ ಲಯಕ್ಕೆ ಅಂತ ಇಟ್ಟಿರಬಹುದು, ನಮಗೆ ಇದು ದಿನದ ಊಟ.

ಪಾಕೆಟ್ ಆಪರೇಟರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಸ್ವೀಡನ್ನಿನ ಟೀನೇಜ್ ಎಂಜಿನಿಯರಿಂಗ್ ಕಂಪನಿಯದ್ದು. ನೋಡಲು ಹಳೆಯ ಕ್ಯಾಲ್ಕುಲೇಟರ್ ಬಿಚ್ಚಿಟ್ಟ ಹಾಗೆ, ಬರೀ ಸರ್ಕ್ಯೂಟ್ ಬೋರ್ಡ್. ಅದರಲ್ಲಿ ಪಿಓ-33 ಅನ್ನುವುದು ಸ್ಯಾಂಪ್ಲರ್. ಎರಡು ಸಣ್ಣ ಎಎಎ ಸೆಲ್, ಒಳಗೇ ಮೈಕ್, ಒಳಗೇ ಸ್ಪೀಕರ್. ಒಟ್ಟು 40 ಸೆಕೆಂಡಿನಷ್ಟು ಸದ್ದು ಹಿಡಿಸುತ್ತದೆ. 40 ಸೆಕೆಂಡ್ ಏನು ಮಹಾ ಅಂತ ಅನಿಸಬಹುದು. ಅವ್ವನ ರೊಟ್ಟಿ ಸದ್ದಿಗೆ ಎರಡು ಸೆಕೆಂಡ್ ಕೂಡ ಬೇಕಾಗಲಿಲ್ಲ. ಜಾಗ ಕಡಿಮೆ ಇದ್ದಾಗ ಯಾವ ಸದ್ದು ಬೇಕು ಅಂತ ಯೋಚನೆ ಮಾಡಿ ಹಿಡಿಯುತ್ತೀರಿ, ಇದು ಕಲಿಯುವವರಿಗೆ ಒಳ್ಳೆಯದೇ.

ನಿಲ್ಲಿಸದೆ ಬದಲಾಯಿಸುವ ಪರೀಕ್ಷೆಯಲ್ಲಿ ಇದು ಚೆನ್ನಾಗಿ ಪಾಸಾಗುತ್ತದೆ. ಎಫೆಕ್ಟ್ ಬಟನ್ ಹಿಡಿದು ಒಂದು ಅಂಕಿ ಒತ್ತಿದರೆ ನಡೆಯುತ್ತಿರುವ ಠೇಕಾ ತುಂಡಾಗುತ್ತದೆ, ಉಲ್ಟಾ ಹೋಗುತ್ತದೆ, ಇಲ್ಲವೇ ಒಂದೇ ಜಾಗದಲ್ಲಿ ತೊದಲುತ್ತದೆ, ಬೆರಳು ತೆಗೆದರೆ ಮತ್ತೆ ದಾರಿಗೆ ಬರುತ್ತದೆ. ಅದರಲ್ಲಿ ಒಂದು ಎಫೆಕ್ಟ್ ಇಡೀ ಠೇಕಾವನ್ನು ಆರರ ನಡೆಗೆ ತಿರುಗಿಸುತ್ತದೆ, ಕೆಹರವಾ ಇದ್ದಕ್ಕಿದ್ದಂತೆ ದಾದರಾ ಕಡೆ ವಾಲುತ್ತದೆ, ಕೇಳಿದರೆ ಮೈ ಜುಮ್ ಅನ್ನುತ್ತದೆ. ಕೊರತೆ ಏನು ಅಂದರೆ ಬಟನ್‌ಗಳು ತೀರಾ ಸಣ್ಣವು, ದಪ್ಪ ಬೆರಳಿನವರಿಗೆ ಕಷ್ಟ, ಒಂದು ಪ್ಯಾಟರ್ನ್ ಅಂದರೆ 16 ಸ್ಟೆಪ್‌ಗೆ ಕಟ್ಟುಬಿದ್ದಿರುತ್ತದೆ, ಇನ್ನು ಬೋರ್ಡ್ ಬರಿಯಾಗಿರುವುದರಿಂದ ನಮ್ಮ ಊರಿನ ಧೂಳಿಗೆ ಕವರ್ ಬೇಕೇ ಬೇಕು. ಕವರ್ ಬೇರೆಯಾಗಿ ಕೊಳ್ಳಬೇಕು. ನಾನು ಕೊಂಡಿಲ್ಲ, ಅವ್ವ ಹೊಲಿದುಕೊಟ್ಟ ಚೀಲದಲ್ಲಿ ಇಡುತ್ತೇನೆ. ಒಂದು ಸಾದಾ ಆಕ್ಸ್ ವೈರ್ ಹಾಕಿ ಇದನ್ನು ವೋಲ್ಕಾ ಜೊತೆ ಕಟ್ಟಬಹುದು, ಪಿಓದಲ್ಲಿ ಸಿಂಕ್ ಮೋಡ್ ಬದಲಿಸಿಕೊಂಡರೆ ಎರಡೂ ಒಂದೇ ಲಯದಲ್ಲಿ ನಡೆಯುತ್ತವೆ.

ಕೊನೆಯದು ನೋವೇಷನ್ ಸರ್ಕಿಟ್ ಟ್ರ್ಯಾಕ್ಸ್. ಬ್ರಿಟನ್ನಿನ ಕಂಪನಿ, 2021ರ ಡಬ್ಬಿ. ಇದು ಹತ್ತು ಸಾವಿರದ ಲೆಕ್ಕಕ್ಕೆ ಬರುವುದಿಲ್ಲ, ತುಂಬಾ ಜಾಸ್ತಿ. ಬೀದರ್‌ನ ಗೆಳೆಯನೊಬ್ಬನ ಹತ್ತಿರ ಇದೆ, ಅವನ ಮನೆಯಲ್ಲಿ ಎರಡು ದಿನ ಇದ್ದು ಬರೀ ಇದನ್ನೇ ನುಡಿಸಿ ಬಂದೆ. 32 ಪ್ಯಾಡ್, ಎರಡು ಸಿಂಥ್, ನಾಲ್ಕು ಡ್ರಮ್, ಹೊರಗಿನ ಡಬ್ಬಿಗಳಿಗೆ ಎರಡು ಮಿಡಿ ಟ್ರ್ಯಾಕ್ (ಮಿಡಿ ಅಂದರೆ ಒಂದು ವಾದ್ಯ ಇನ್ನೊಂದಕ್ಕೆ ಸ್ವರ ಹೇಳುವ ಭಾಷೆ). ಒಳಗೇ ಚಾರ್ಜ್ ಆಗುವ ಬ್ಯಾಟರಿ ಇದೆ, ಸುಮಾರು ನಾಲ್ಕು ಗಂಟೆ ಬರುತ್ತದೆ. ಸ್ಪೀಕರ್ ಮಾತ್ರ ಇಲ್ಲ. ಒಂದೊಂದು ಟ್ರ್ಯಾಕಿಗೂ ಬೇರೆ ಬೇರೆ ಉದ್ದ ಇಡಬಹುದು, ಠೇಕಾ 14ಕ್ಕೆ ಸುತ್ತಲಿ, ಸ್ವರ 16ಕ್ಕೆ ಸುತ್ತಲಿ, ಎರಡೂ ದೂರ ಹೋಗಿ ಮತ್ತೆ ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಬಂದು ಕೂಡುವುದನ್ನು ಕೇಳುವುದೇ ಒಂದು ಸುಖ.

ಇದರಲ್ಲಿ ಸ್ಕೇಲ್ (ಸ್ವರಗಳ ಗುಂಪು) ಆರಿಸಿದರೆ ಆ ಸ್ವರಗಳು ಮಾತ್ರ ಪ್ಯಾಡ್ ಮೇಲೆ ಬರುತ್ತವೆ, ತಪ್ಪು ಸ್ವರಕ್ಕೆ ಕೈ ಹೋಗಲು ಜಾಗವೇ ಇಲ್ಲ. ಒಟ್ಟು 16 ಸ್ಕೇಲ್. ಆ ಪಟ್ಟಿ ನೋಡುತ್ತಾ ಹೋದಾಗ ನಾನು ಒಂದು ಕ್ಷಣ ನಿಂತುಬಿಟ್ಟೆ, ಅದರಲ್ಲಿ ನಮ್ಮ ರಾಗಗಳ ಹೆಸರೇ ಇವೆ, ಮಾರ್ವಾ ಇದೆ, ತೋಡಿ ಇದೆ! ಉಳಿದವು ಇಂಗ್ಲಿಷ್ ಹೆಸರಿನವಾದರೂ ಗುರುತು ಹಿಡಿಯುವುದು ಕಷ್ಟವಲ್ಲ. ಮೇಜರ್ ಅಂದರೆ ಹಿಂದುಸ್ತಾನಿಯ ಬಿಲಾವಲ್ ಥಾಟ್, ಡೋರಿಯನ್ ಅಂದರೆ ಕಾಫಿ, ಮಿಕ್ಸೊಲಿಡಿಯನ್ ಖಮಾಜ್, ನ್ಯಾಚುರಲ್ ಮೈನರ್ ಆಸಾವರಿ, ಫ್ರಿಜಿಯನ್ ಭೈರವಿ. ಪೇಟಿ ಕಲಿತವರು ಇದನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಬೀದರ್‌ನಲ್ಲಿ ಕಾಳಿ ಒಂದಕ್ಕೆ (ಪೇಟಿಯ ಮೊದಲ ಕಪ್ಪು ಕೀಗೆ) ಸಾ ಇಟ್ಟು ತೋಡಿ ಹಾಕಿಕೊಂಡು ರಾತ್ರಿ ಎರಡರವರೆಗೆ ಕೂತಿದ್ದೆವು. ಆದರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಸ್ಕೇಲ್ ರಾಗ ಅಲ್ಲ. ಏರಿಕೆ ಇಳಿಕೆ ಯಾವ ದಾರಿಯಲ್ಲಿ, ಎಲ್ಲಿ ನಿಲ್ಲಬೇಕು, ಯಾವ ಸ್ವರವನ್ನು ಬರೀ ಮುಟ್ಟಿ ಬಿಡಬೇಕು, ಇದ್ಯಾವುದೂ ಡಬ್ಬಿಗೆ ಗೊತ್ತಿಲ್ಲ. ತೋಡಿಯ ಕೋಮಲ ಗಾಂಧಾರವನ್ನು ಹಾಡುವವರು ಪೇಟಿಯ ಕೀಗಿಂತ ಕೆಳಗೆ ಇಳಿಸಿ ಹಿಡಿಯುತ್ತಾರೆ, ಪ್ಯಾಡಿನಲ್ಲಿ ಸಿಗುವುದು ಪೇಟಿಯ ಗಾಂಧಾರವೇ. ಅದನ್ನು ತಿಳಿದುಕೊಂಡೇ ನುಡಿಸಬೇಕು.

ಇದೆಲ್ಲಾ ನಮ್ಮದಲ್ಲ, ಹೊರಗಿನವರದ್ದು ಅಂತ ಕೆಲವರು ಹೇಳುತ್ತಾರೆ. ಅವರಿಗೆ ನಾನು ಚರಣ್‌ಜಿತ್ ಸಿಂಗ್ ಅವರ ವಿಷಯ ಹೇಳುತ್ತೇನೆ. ಮುಂಬೈಯ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808, ಜುಪಿಟರ್-8 ಈ ಮೂರು ಎಲೆಕ್ಟ್ರಾನಿಕ್ ವಾದ್ಯಗಳನ್ನು ಕೂಡಿಸಿ ಹತ್ತು ರಾಗಗಳ ಒಂದು ರೆಕಾರ್ಡ್ ತಂದರು. ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಇಪ್ಪತ್ತೆಂಟು ವರ್ಷ ಆದ ಮೇಲೆ, 2010ರಲ್ಲಿ, ಅದು ಮತ್ತೆ ಹೊರಬಂದಾಗ ಜಗತ್ತಿನ ಡಿಜೆಗಳೆಲ್ಲಾ ಬೆರಗಾದರು. ಅಮೆರಿಕದ ಶಿಕಾಗೋದಲ್ಲಿ ಇದೇ 303ಯಿಂದ ಆ್ಯಸಿಡ್ ಹೌಸ್ ಅನ್ನುವ ಸಂಗೀತ ಹುಟ್ಟಿದ್ದು ಆಮೇಲೆ, 80ರ ದಶಕದ ನಡುವಿನಲ್ಲಿ. ಅಹಮದಾಬಾದಿನ ಎನ್‌ಐಡಿ ಅನ್ನುವ ಡಿಸೈನ್ ಸಂಸ್ಥೆಯಲ್ಲಂತೂ 1969ರಲ್ಲೇ ಮೂಗ್ ಸಿಂಥಸೈಜರ್ ಬಂದಿತ್ತು. ನಮ್ಮ ಭಜನೆಯಲ್ಲಿ ಏಕತಾರಿ ಪಕ್ಕದಲ್ಲೇ ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಎಷ್ಟೋ ವರ್ಷದಿಂದ ಕೂತಿದೆ, ಅದನ್ನು ಯಾರೂ ಹೊರಗಿನದ್ದು ಅನ್ನುವುದಿಲ್ಲ.

ಸರಿ, ಅಕ್ಕನ ಮಗನ ಹತ್ತು ಸಾವಿರಕ್ಕೆ ಬರೋಣ. ನಾನು ಅವನಿಗೆ ಹೇಳಿದ್ದು ಹೀಗೆ. ಮೊದಲ ಮೂರು ತಿಂಗಳು ಡಬ್ಬಿಗೆ ದುಡ್ಡು ಹಾಕಬೇಡ. ಫೋನಿಗೆ ಕೋಆಲಾ ಹಾಕಿಕೋ, ವೈರ್ ಇರುವ ಇಯರ್‌ಫೋನ್ ತಗೋ, ದಿನಾ ಒಂದು ಸದ್ದು ಹಿಡಿ, ಮನೆಯದ್ದು, ಹೊಲದ್ದು, ಬಸ್ ಸ್ಟ್ಯಾಂಡಿನದ್ದು. ಹಿಡಿದ ಸದ್ದಿನಿಂದ ಹತ್ತು ನಿಮಿಷ ನಿಲ್ಲಿಸದೆ ನುಡಿಸು, ತಪ್ಪಾದರೂ ನಿಲ್ಲಿಸಬೇಡ, ತಪ್ಪನ್ನೇ ಎರಡನೇ ಸುತ್ತಿಗೆ ಮತ್ತೆ ನುಡಿಸು, ಆಗ ಅದು ತಪ್ಪಾಗಿ ಕೇಳಿಸುವುದಿಲ್ಲ. ಮೂರು ತಿಂಗಳ ಮೇಲೆ ನಿನಗೇ ಗೊತ್ತಾಗುತ್ತದೆ. ಸದ್ದು ಹಿಡಿಯುವುದರಲ್ಲೇ ಖುಷಿ ಇದ್ದರೆ ಪಿಓ-33 ತಗೋ. ಸ್ವರ ಹಿಡಿದು ತಿರುಚುವುದರಲ್ಲಿ ಖುಷಿ ಇದ್ದರೆ ಬಳಸಿದ ವೋಲ್ಕಾ ಕೀಸ್ ಹುಡುಕು, ನಾನೇ ಹೈದರಾಬಾದಿಗೆ ಜೊತೆಗೆ ಬರುತ್ತೇನೆ. ಎರಡನ್ನೂ ಒಟ್ಟಿಗೆ ಬೇಡ. ಒಂದು ಡಬ್ಬಿ ಕಣ್ಣು ಮುಚ್ಚಿ ನುಡಿಸಲು ಬರುವವರೆಗೆ ಇನ್ನೊಂದನ್ನು ಮನೆಗೆ ತರಬೇಡ. ನನ್ನ ಕೈಗೆ ವೋಲ್ಕಾ ಕೂರಲು ಏಳು ತಿಂಗಳು ಬೇಕಾಯಿತು.

ನಿನ್ನೆ ರಾತ್ರಿ ಅವನು ಒಂದು ತುಣುಕು ಕಳಿಸಿದ್ದಾನೆ. ಅವರ ಹೊಲದ ಪಂಪ್‌ಸೆಟ್ಟಿನ ಸದ್ದು, ಅದರ ಮೇಲೆ ತೊಗರಿ ಕೇರುವ ಮೊರದ ಸದ್ದು. ಲಯ ಸ್ವಲ್ಪ ಓಡಿದೆ. ನಾಲ್ಕು ನಿಮಿಷ ಹನ್ನೆರಡು ಸೆಕೆಂಡ್ ಇದೆ, ಎಲ್ಲೂ ನಿಲ್ಲಿಸಿಲ್ಲ. ಸೋಮವಾರ ಕಾಕಾರಿಗೆ ಕೇಳಿಸುತ್ತೇನೆ.